ದ್ಯಾಮಮ್ಮ ಮುಖ ತೊಳೆದ ನೀರು

ಕಾಗದನಗರದ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾವು ಆರು ಜನ ಹಳೇ ಕಾರುಗಳ ಸೈಲೆನ್ಸರ್ ಒಡೆಯುತ್ತೇವೆ. ಒಳಗೆ ಜೇನುಗೂಡಿನ ಹಾಗೆ ತೂತು ತೂತಾದ ಪಿಂಗಾಣಿ ತುಂಡು ಇರುತ್ತದೆ. ಅದನ್ನು ಕುಟ್ಟಿ ಪುಡಿ ಮಾಡಬೇಕು. ಜರಡಿ ಹಿಡಿಯುವುದು ದ್ಯಾಮಮ್ಮನ ಕೆಲಸ. ಬೂದು ಧೂಳು ಅವಳ ರೆಪ್ಪೆಯ ಮೇಲೂ ಕೂತಿರುತ್ತದೆ. ಫ್ಯಾನ್ ಹಾಕುವಂತಿಲ್ಲ, ಪುಡಿ ಹಾರಿಹೋಗುತ್ತದಂತೆ. ನಾಲ್ಕು ತಿಂಗಳಿಂದ ಅವಳಿಗೆ ಬಿಡದ ಕೆಮ್ಮು.

"ಸಾವ್ಕಾರ್ರೆ, ಒಂದು ಒಳ್ಳೆ ಮಾಸ್ಕ್ ಕೊಡ್ಸಿ. ಧೂಳಿಂದ್ಲೇ ಹಿಂಗಾಗಿರೋದು ಅಂತಾರೆ ಡಾಕ್ಟ್ರು."

ಸಾವ್ಕಾರ್ ವಿಜಯಕುಮಾರ್ ನಕ್ಕರು. "ಬರೀ ಮಣ್ಣು ಮಾರಾಯ್ತಿ. ನಮ್ಮಜ್ಜ ಗದ್ದೇಲಿ ಇದ್ರ ಹತ್ತರಷ್ಟು ಕುಡಿದು ತೊಂಬತ್ತು ವರ್ಷ ಬದುಕಿದ್ದ."

ನಮ್ಮ ಸಾವ್ಕಾರರಿಗೆ ಮಣ್ಣಿನ ಮೇಲೆ ಬಹಳ ಪ್ರೀತಿ. ಸಂಜೆ ಯಾರೂ ಹಾಗೇ ಮನೆಗೆ ಹೋಗುವಂತಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ನಿಂತು ಬಟ್ಟೆ ಕೊಡವಬೇಕು. ನೀಲಿ ಟಬ್ಬಿನಲ್ಲೇ ಕೈ, ಮುಖ, ತಲೆ ತೊಳೆಯಬೇಕು. ಆ ನೀರು ಮೋರಿಗೆ ಹೋಗುವುದಿಲ್ಲ, ಡ್ರಮ್ಮಿಗೆ ಹೋಗುತ್ತದೆ. "ನೀವು ಕ್ಲೀನಾಗಿ ಮನೆ ಸೇರ್ಬೇಕು ಕಣ್ರೋ" ಎನ್ನುತ್ತಿದ್ದರು. ಇಂಥ ಧಣಿ ಎಲ್ಲಿ ಸಿಗುತ್ತಾರೆ ಎಂದು ಊರೆಲ್ಲ ಹೊಗಳಿಕೊಂಡು ತಿರುಗಿದವನು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ದ್ಯಾಮಮ್ಮನ ಮಗಳು ಸಮತಾ ಶಿವಮೊಗ್ಗದ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುತ್ತಾಳೆ. ಟಬ್ಬಿನ ಸುದ್ದಿ ಕೇಳಿ ಅವಳ ಮುಖ ಬಿಗಿಯಿತು.

"ಹಾಲೇಶ್ ಮಾವ, ಆ ಪುಡೀಲಿ ರೋಡಿಯಂ ಇರುತ್ತೆ. ಪ್ಲಾಟಿನಂ ಜಾತಿಯ ಲೋಹ. ಸಿಗೋದೇ ಅಪರೂಪ, ಚಿನ್ನಕ್ಕಿಂತ ದುಬಾರಿ. ತುಕ್ಕು ಹಿಡಿಯಲ್ಲ, ಆಸಿಡ್ಡಿಗೂ ಸುಲಭಕ್ಕೆ ಜಗ್ಗಲ್ಲ. ಉಂಗುರಕ್ಕೆ ಬೆಳ್ಳಗೆ ಹೊಳಪು ಬರೋಕೆ ಅದನ್ನೇ ಲೇಪ ಮಾಡ್ತಾರೆ."

"ಕಾರಿಗ್ಯಾಕೆ ಹಾಕ್ತಾರೆ?"

"ಹೊಗೇಲಿರೋ ವಿಷ ಕಡಿಮೆ ಮಾಡೋಕೆ. ಜನ ಒಳ್ಳೆ ಗಾಳಿ ಕುಡೀಲಿ ಅಂತ."

ದ್ಯಾಮಮ್ಮ ನಗಲು ಹೋದಳು, ಕೆಮ್ಮು ಬಂತು.

ಮರುದಿನ ಸಂಜೆ ಅವಳು ಜರಡಿ ಕೆಳಗಿಟ್ಟು, ಹಾಳೆ ದಾಟಿ, ಟಬ್ಬು ದಾಟಿ, ಮೈಯೆಲ್ಲ ಬೂದು ಬಣ್ಣದಲ್ಲೇ ಗೇಟಿನತ್ತ ನಡೆದಳು. ಸಾವ್ಕಾರರು ಚಪ್ಪಲಿ ಮರೆತು ಓಡಿಬಂದರು.

"ಏ ದ್ಯಾಮಮ್ಮ! ಮುಖ ತೊಳ್ಕೊಂಡು ಹೋಗು!"

"ಬರೀ ಮಣ್ಣಲ್ವಾ? ಮನೇಲಿ ತೊಳ್ಕೊಳ್ತೀನಿ ಬಿಡಿ."

"ಮಣ್ಣಂತೆ ಮಣ್ಣು! ಅದು ನನ್ನ ಮಾಲು ಕಣೇ!"

ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡರು. ದ್ಯಾಮಮ್ಮ ತಿರುಗಿ ನಿಂತಳು.

"ನನ್ನ ಎದೆಯೊಳಗೂ ನಿಮ್ಮ ಮಾಲೇ ಇದೆ ಸಾವ್ಕಾರ್ರೆ. ಮೊದ್ಲು ಅದನ್ನ ತೆಗೆಸಿ. ಮುಖದ್ದು ಆಮೇಲೆ ಕೊಡ್ತೀನಿ."

ನಾವು ಐವರೂ ಅವಳ ಹಿಂದೆ ಹೊರಟೆವು. ಯಾರೂ ಕೈ ತೊಳೆಯಲಿಲ್ಲ, ಬಟ್ಟೆ ಕೊಡವಲಿಲ್ಲ. "ನಿಲ್ರೋ, ಮಾಸ್ಕ್ ತರಿಸ್ತೀನಿ! ನಾಳೇನೇ ತರಿಸ್ತೀನಿ!" ಎಂದು ಅವರು ಕೂಗುತ್ತಲೇ ಇದ್ದರು. ಟಬ್ಬಿನ ನೀರು ಅವತ್ತು ತಿಳಿಯಾಗಿಯೇ ಉಳಿಯಿತು.