ಸೋಮವಾರದ ಹಿಕ್ಕೆ

ಪ್ರಯೋಗಾಲಯದ ಇಲಿಮನೆಯನ್ನು ಹದಿನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಇಲಿಯಕ್ಕ ಎಂದೇ ಕರೆಯುತ್ತಿದ್ದರು. ಇಲಿಯನ್ನು ಬಾಲ ಹಿಡಿದು ಎತ್ತಬಾರದು, ಅಂಗೈಯನ್ನು ಬಟ್ಟಲು ಮಾಡಿ ಅದು ತಾನಾಗಿ ಹತ್ತುವವರೆಗೆ ಕಾಯಬೇಕು ಎಂದು ಹೊಸಬರಿಗೆ ಕಲಿಸುತ್ತಿದ್ದವಳೂ ಅವಳೇ. ಅಂಥವಳ ಕೈಗೆ ಒಂದು ಬೆಳಿಗ್ಗೆ ನೋಟಿಸು ಬಂತು. ಪ್ರಯೋಗದ ಔಷಧಿಯನ್ನೇ ಕೊಡದ ಇಲಿಗಳ ರಕ್ತದಲ್ಲೂ ಒತ್ತಡದ ಹಾರ್ಮೋನು ಮೂರು ಪಟ್ಟು ಏರಿದೆಯಂತೆ. ಅದಕ್ಕೆ ಅವಳ ಒರಟು ಕೈಯೇ ಕಾರಣವಂತೆ. ತಪ್ಪೊಪ್ಪಿಕೊಂಡು ಸಹಿ ಹಾಕಬೇಕಂತೆ!

ಅವಳ ಮೈಯೆಲ್ಲ ಉರಿದುಹೋಯಿತು. ನೇರವಾಗಿ ಮುಖ್ಯ ವಿಜ್ಞಾನಿಯ ಕೋಣೆಗೆ ನುಗ್ಗಿದಳು.

“ನನ್ನ ಕೈ ಒರಟು ಅಂತ ಯಾರು ನೋಡಿದ್ರು ಸಾರ್?”

“ಯಾರೂ ನೋಡ್ಬೇಕಾಗಿಲ್ಲ. ಹಾರ್ಮೋನು ಸುಳ್ಳು ಹೇಳಲ್ಲ,” ಎಂದ ಆತ, ಕಂಪ್ಯೂಟರಿನಿಂದ ತಲೆ ಎತ್ತದೆ.

“ಇಲಿಗೆ ಕಷ್ಟ ಆಗಿದೆ ಅಂತ ಹಾರ್ಮೋನು ಹೇಳ್ತು, ಸರಿ. ನನ್ನ ಹೆಸರೂ ಹೇಳ್ತಾ? ಪಕ್ಕದ ರೂಮಿಗೆ ಪಂಜರ ತೊಳೆಯೋ ಹೊಸ ಮಷೀನು ಬಂದಾಗಿಂದ ಅವೆಲ್ಲ ಮೂಲೆ ಸೇರ್ಕೊಂಡಿವೆ. ಕಣ್ಣಂಚಲ್ಲಿ ಕೆಂಪು ನೀರು ಬರ್ತಿದೆ. ಎರಡು ಸಲ ರಿಜಿಸ್ಟರಲ್ಲಿ ಬರೆದಿದೀನಿ.”

“ಆ ಮಷೀನು ಸದ್ದೇ ಮಾಡಲ್ಲ. ನಾನೇ ಆರಿಸಿ ತರಿಸಿದ್ದು.”

ಅಲ್ಲಿಗೆ ಮಾತು ಮುಗಿಯಿತು. ತಾನು ತರಿಸಿದ ಯಂತ್ರದ ಮೇಲೆ ಧೂಳೂ ಬೀಳಬಾರದು, ಗೂಬೆ ಮಾತ್ರ ಇಲಿಯಕ್ಕನ ತಲೆಯ ಮೇಲೆ ಕೂರಬೇಕು!

ಮನೆಯಲ್ಲಿ ದರ್ಜಿ ಗಂಡ ಹೊಲಿಗೆಯಿಂದ ಕಣ್ಣೆತ್ತಿ, “ಒಂದು ಸಹಿ ತಾನೇ, ಗೀಚಿ ಬಿಸಾಕು ಮಾರಾಯ್ತಿ,” ಎಂದ.

“ನಿಮ್ಮ ಹೊಲಿಗೆ ಬಿಟ್ಕೊಂಡಿದೆ ಅಂತ ಬೇರೆಯವರ ಅಂಗಿ ತಂದು ತೋರಿಸಿದ್ರೆ ಸಹಿ ಹಾಕ್ತೀರೇನ್ರೀ?”

ಗಂಡ ಮತ್ತೆ ಹೊಲಿಗೆಗೆ ಬಗ್ಗಿದ.

ಮರುದಿನ ಅವಳು ಹಾರ್ಮೋನು ಅಳೆಯುವ ತಂತ್ರಜ್ಞೆಯ ಬಳಿ ಹೋದಳು. ನಿವೃತ್ತಿಯ ಅಂಚಿನಲ್ಲಿದ್ದ ಆಕೆಗೆ ಯಾರ ಹೆದರಿಕೆಯೂ ಇರಲಿಲ್ಲ.

“ರಕ್ತಕ್ಕೆ ಅಂತ ಹಿಡಿದ್ರೇನೇ ಮೂರ್ನಾಲ್ಕು ನಿಮಿಷಕ್ಕೆ ಹಾರ್ಮೋನು ಏರುತ್ತೆ ಕಣೇ,” ಎಂದಳು ಆಕೆ. “ದಿನಾ ಬೆಳಿಗ್ಗೆ ಹಿಕ್ಕೆ ತಂದ್ಕೊಡು. ಅದ್ರಲ್ಲಿ ಹಿಂದಿನ ದಿನದ ಕಥೆ ಇರುತ್ತೆ. ಇಲೀನ ಮುಟ್ಟೋದೇ ಬೇಡ.”

ಇಲಿಯಕ್ಕ ಸಹಿ ಹಾಕಲಿಲ್ಲ. ಮೂರು ವಾರ ದಿನವೂ ಪಂಜರದ ತಟ್ಟೆಯಿಂದ ಹಿಕ್ಕೆ ಆರಿಸಿ, ಸಣ್ಣ ಚೀಲಗಳಿಗೆ ತುಂಬಿ, ಮೇಲೆ ತಾರೀಕು ಬರೆದಳು. ಒರಟು ಕೈಯವಳೆಂಬ ಹೆಸರು ಆಗಲೇ ಕ್ಯಾಂಟೀನಿನವರೆಗೂ ಹಬ್ಬಿತ್ತು. ಹಲ್ಲು ಕಚ್ಚಿ ಸಹಿಸಿದಳು.

ಫಲಿತಾಂಶ ಕಣ್ಣಿಗೆ ಹೊಡೆಯುವಂತಿತ್ತು. ಮೂರೂ ಸೋಮವಾರದ ಹಿಕ್ಕೆಯಲ್ಲಿ ಹಾರ್ಮೋನು ನೆಲ ಕಚ್ಚಿತ್ತು. ಉಳಿದ ದಿನಗಳಲ್ಲಿ ಗಗನಕ್ಕೇರಿತ್ತು. ಮುಖ್ಯ ವಿಜ್ಞಾನಿಯ ಮೇಜಿನ ಮೇಲೆ ಹಾಳೆ ಹರವಿ ಅವಳು ಕೇಳಿದಳು:

“ಭಾನುವಾರ ಮಷೀನಿಗೆ ರಜಾ ಸಾರ್. ನನಗಿಲ್ಲ. ಅವತ್ತೂ ಪಂಜರ ತೆಗೆದು ನೀರು, ಕಾಳು ಇಡೋದು ಇದೇ ಕೈ. ಈಗ ಹೇಳಿ, ಯಾವುದು ಒರಟು?”

ಆತ ಸೋಮವಾರದ ಅಂಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿ, ಫೋನು ಎತ್ತಿಕೊಂಡ. ಮನುಷ್ಯರ ಕಿವಿಗೆ ನಿಲುಕದ ಸದ್ದನ್ನು ಅಳೆಯುವವರನ್ನು ಕರೆಸಿದಾಗ, ಆ ಯಂತ್ರ ಇಲಿಗಳ ಕಿವಿಯಲ್ಲಿ ದಿನವಿಡೀ ಚೀರುತ್ತಿದ್ದದ್ದು ಗೊತ್ತಾಯಿತು. ಯಂತ್ರ ಬೇರೆ ಕಟ್ಟಡಕ್ಕೆ ಹೋಯಿತು. ಇಲಿಗಳು ಮೂಲೆ ಬಿಟ್ಟು ಹೊರಬಂದವು.

“ಸರಿ ಹೋಯ್ತಲ್ಲ, ಬಿಡಮ್ಮ,” ಎಂದ ಆತ.

“ಇಲಿಗಳಿಗೆ ಸರಿ ಹೋಯ್ತು. ನನ್ನ ಮೇಲೆ ಬರೆದಿದ್ದು ಹಾಗೇ ಇದೆಯಲ್ಲ ಸಾರ್?”

‘ತಾಂತ್ರಿಕ ಕಾರಣದಿಂದ ಗೊಂದಲವಾಗಿತ್ತು’ ಎಂಬ ಪತ್ರ ಬಂತು. ಅವಳು ವಾಪಸು ಕಳಿಸಿದಳು. ‘ವಿಷಾದವಿದೆ’ ಎಂದು ಇನ್ನೊಂದು ಬಂತು. ಅದನ್ನೂ ಕಳಿಸಿದಳು. ಮೂರನೆಯದರಲ್ಲಿ, ನಿಮ್ಮ ಮೇಲಿನ ಆರೋಪ ತಪ್ಪು, ಅದನ್ನು ಹೊರಿಸಿದ್ದು ನನ್ನ ತಪ್ಪು ಎಂದಿತ್ತು, ಕೆಳಗೆ ಆತನ ಸಹಿ. ಅದನ್ನು ಎರಡು ಸಲ ಓದಿ, ಪ್ರತಿ ಮಾಡಿಸಿ ಕ್ಯಾಂಟೀನಿನ ಗೋಡೆಗೆ ತಾನೇ ಅಂಟಿಸಿ ಬಂದಳು.