ಹನ್ನೊಂದು ನಿಮಿಷ ಸದ್ದಿಲ್ಲದಿದ್ದರೆ

ಸೇವಂತಿ ಬಾಗಿಲ ಹೊರಗೆ ಇನ್ನೂ ಚಪ್ಪಲಿ ಬಿಡುತ್ತಿದ್ದಳು, ಒಳಗಿನಿಂದ ಗಂಡಸಿನ ದನಿ ಕೇಳಿತು.

"ಭಾನುವಾರ ಫೋನ್ ಮಾಡಿ ಭಾವನ್ನ ಆಫೀಸಿಗೆ ಕರೆಸ್ಕೊಂಡೋರು ಯಾರು? ಅದನ್ನ ಹೇಳಿ ನಂಗೆ ಮೊದ್ಲು."

ಒಂದು ಕಾಲಿನ ಚಪ್ಪಲಿ ಬಿಟ್ಟಾಗಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಬಿಟ್ಟದ್ದನ್ನು ಮತ್ತೆ ಮೆಟ್ಟಿ ಮೂರು ಮಹಡಿ ಇಳಿದುಬಿಟ್ಟರೆ ಕೇಳುವವರಿರಲಿಲ್ಲ. ಫೋನ್ ಮಾಡಿದವಳು ಅವಳೇ. ಘಾಟ್ಕೋಪರಿನ ಈ ಬಿಲ್ಡಿಂಗಿನಲ್ಲಿ ಅದು ತನ್ನೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು. ಆದರೂ ಒಳಗೆ ಹೋದಳು, ಕಾಲುಗಳು ಹೇಗೆ ಹೋದವೋ ಏನೋ.

ನಡುಮನೆಯಲ್ಲಿ ನಂಜುಂಡಯ್ಯನವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಐವತ್ತೇಳು ವರ್ಷದ ಮನುಷ್ಯ, ಫೋರ್ಟ್ ಬಡಾವಣೆಯ ಒಂದು ಎಂಜಿನಿಯರಿಂಗ್ ಕಂಪನಿಯ ಕಂಪ್ಯೂಟರ್ ರೂಮಿಗೆ ಹಿರಿಯ ಆಪರೇಟರು. ರಿಟೈರಾಗಲು ಒಂದೇ ವರ್ಷ ಬಾಕಿ ಇತ್ತು. ಈ ಸೋಮವಾರ ಬೆಳಿಗ್ಗೆ ಹಲ್ಲುಜ್ಜಿ ಬಂದು ಕಾಫಿಗೆಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಕೂಗಾಡುತ್ತಿದ್ದವನು ಅವರ ಹೆಂಡತಿಯ ತಮ್ಮ ಶಾಮಣ್ಣ, ಬೊರಿವಲಿಯಿಂದ ಓಡಿಬಂದಿದ್ದ. ಅವನಿಗೆ ಅಳಲು ಬರುತ್ತಿರಲಿಲ್ಲ, ಅದಕ್ಕೇ ಬೈಯುತ್ತಿದ್ದ. ಮನೆಯ ಮೆಟ್ಟಿಲನ್ನೇ ನಿಧಾನವಾಗಿ ಹತ್ತಿ, ಬೇರೆಲ್ಲೂ ಹತ್ತಬೇಡಿ ಎಂದು ಡಾಕ್ಟರು ತಿಂಗಳ ಹಿಂದೆಯೇ ಹೇಳಿದ್ದರಂತೆ. ರಜೆಯ ದಿನ ಆಫೀಸಿನ ಕಟ್ಟಡದಲ್ಲಿ ಲಿಫ್ಟು ನಿಲ್ಲಿಸುತ್ತಾರಂತೆ. ಭಾವ ಐದು ಮಹಡಿ ಹತ್ತಿ ಇಳಿದರಂತೆ. ಬಂದ ಬಂದವರಿಗೆಲ್ಲ ಅವನು ಇದನ್ನೇ ಒಪ್ಪಿಸುತ್ತಿದ್ದ.

ಸೇವಂತಿ ಅಡುಗೆಮನೆಯ ಗೋಡೆಗೆ ಒರಗಿ ಹೆಂಗಸರ ಹಿಂದೆ ಕೂತಳು. ಯಾರಮ್ಮ ನೀನು ಎಂದು ಪಕ್ಕದ ಫ್ಲಾಟಿನ ಪಂಕಜಾ ಕೇಳಿದ್ದಕ್ಕೆ, ಆಫೀಸಿನವಳು ಎಂದಳು. ಮೆಲ್ಲಗೆ ಹೇಳಿದ್ದು ಶಾಮಣ್ಣನ ಕಿವಿಗೂ ಬಿತ್ತು.

"ಕಂಪ್ಯೂಟರ್ ರೂಮಾ? ಹಾಗಾದ್ರೆ ನಿನ್ನೆ ಡ್ಯೂಟಿ ಯಾರದಿತ್ತು, ನಿಂಗೆ ಗೊತ್ತಿರ್ಬೇಕಲ್ಲ?"

ಅಷ್ಟರಲ್ಲಿ ಸತ್ತವರ ತಲೆಯ ಹತ್ತಿರ ಕೂತಿದ್ದ ಹೆಂಡತಿ ಸುಬ್ಬಲಕ್ಷ್ಮಿ ತಲೆ ಎತ್ತಿದರು. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು. "ಶಾಮು, ಚಟ್ಟ ಕಟ್ಟೋರು ಬಂದ್ರೇನೋ, ಕೆಳಗೆ ನೋಡು," ಎಂದರು. ಶಾಮಣ್ಣ ಗೊಣಗುತ್ತ ಇಳಿದುಹೋದ. ಸೇವಂತಿಗೆ ಉಸಿರು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು.

*

ನಂಜುಂಡಯ್ಯನವರ ದಿನ ಶುರುವಾಗುತ್ತಿದ್ದದ್ದು ಒಂದು ಪದದಿಂದ. ಕಪ್ಪು ಪರದೆಯ ಮೇಲೆ ಅದನ್ನು ಟೈಪು ಮಾಡಿದರೆ ಆರು ಕಂಪ್ಯೂಟರುಗಳ ಪಟ್ಟಿ ಬರುತ್ತಿತ್ತು. ಅವಕ್ಕೆಲ್ಲ ಸೆಂಟ್ರಲ್ ಲೈನಿನ ರೈಲು ಸ್ಟೇಷನ್ನುಗಳ ಹೆಸರಿಟ್ಟವರೂ ಅವರೇ. ದಾದರ್ ಅಪ್, ಅಂದರೆ ನಡೆಯುತ್ತಿದೆ, ನಲವತ್ತೊಂದು ದಿನದಿಂದ. ಕುರ್ಲಾ ಅಪ್, ಒಂಬತ್ತು ದಿನದಿಂದ. ಹೀಗೆ ಸಾಲಿಗೊಂದು. ಪ್ರತಿಯೊಂದು ಯಂತ್ರವೂ ಮೂರು ಮೂರು ನಿಮಿಷಕ್ಕೆ ತಾನಿದ್ದೇನೆ ಎಂದು ಉಳಿದವಕ್ಕೆ ಹೇಳುತ್ತಿರಬೇಕು. ಹನ್ನೊಂದು ನಿಮಿಷ ಸದ್ದಿಲ್ಲದಿದ್ದರೆ ಪಟ್ಟಿಯಲ್ಲಿ ಅದರ ಮುಂದೆ ಡೌನ್ ಎಂದು ಬೀಳುತ್ತಿತ್ತು.

ಮೂರು ತಿಂಗಳ ಹಿಂದೆ ಕುರ್ಲಾದ ಮುಂದೆ ಹಾಗೆ ಬಿದ್ದಾಗ ಸೇವಂತಿ ರೂಮಿನಲ್ಲಿ ಒಬ್ಬಳೇ ಇದ್ದಳು. ಕೆಲಸಕ್ಕೆ ಸೇರಿದ ಹೊಸ ಹುರುಪು ನೋಡಿ, ಸೀದಾ ಹೋಗಿ ಸ್ವಿಚ್ಚು ಆರಿಸಿ ಹಾಕಿದಳು. ಕುರ್ಲಾ ಕೆಟ್ಟಿರಲೇ ಇಲ್ಲ. 'ಇದ್ದೇನೆ' ಎಂದು ಹೇಳುವ ಚಿಕ್ಕ ಪ್ರೋಗ್ರಾಮು ಮಾತ್ರ ನಿಂತಿತ್ತು. ಒಳಗೆ ಒಂದು ಸೇತುವೆಯ ಲೆಕ್ಕಾಚಾರ ಒಂಬತ್ತು ದಿನದಿಂದ ನಡೆಯುತ್ತಿತ್ತು. ಎಲ್ಲವೂ ನೀರುಪಾಲಾಯಿತು.

ಮ್ಯಾನೇಜರು ಕೆಂಡವಾಗಿ ಬಂದಾಗ ನಂಜುಂಡಯ್ಯ ಕನ್ನಡಕ ಒರೆಸುತ್ತ, ನಾನೇ ಆರಿಸಿದ್ದು ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರಿಗೆ ಸಿಕ್ಕ ಮೊದಲ ಮೆಮೊ ಅದು. ಸೇವಂತಿ ಅತ್ತಳು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಡೌನ್ ಅಂದ್ರೆ ಸತ್ತಿದೆ ಅಂತಲ್ಲಮ್ಮ. ನಮ್ ಹತ್ರ ಮಾತಾಡ್ತಿಲ್ಲ, ಅಷ್ಟೆ. ಎದ್ದು ಹೋಗಿ ಕೈಯಿಟ್ಟು ನೋಡ್ಬೇಕು," ಎಂದರು.

ಅವರೇ ದಿನಾ ಹಾಗೆ ನೋಡುತ್ತಿದ್ದರು. ಪಟ್ಟಿಯಲ್ಲಿ ಎಲ್ಲವೂ ಸರಿಯಿದ್ದರೂ ಒಂದು ಸುತ್ತು ಹೋಗಿ, ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ ಒಂದೊಂದರ ಮೇಲೂ ಅಂಗೈ ಇಟ್ಟು ಬರುತ್ತಿದ್ದರು. ಆಫೀಸಿನವರು ಅದಕ್ಕೆ ಅವರನ್ನು ವೈದ್ಯರು ಎಂದು ಆಡಿಕೊಳ್ಳುತ್ತಿದ್ದರು.

ನಿನ್ನೆ ಡೌನ್ ಆದದ್ದು ಠಾಣೆ ಎಂಬ ಹೆಸರಿನ ಯಂತ್ರ, ಐದನೇ ಮಹಡಿಯದು. ಈ ಸಲ ಸೇವಂತಿ ಎದ್ದು ಹೋಗಿ ಕೈಯಿಟ್ಟು ನೋಡಿದಳು. ಬೆಚ್ಚಗಿತ್ತು. ಫ್ಯಾನು ತಿರುಗುತ್ತಿತ್ತು. ಆದರೆ ಯಾವ ಕೀಲಿ ಒತ್ತಿದರೂ ಪರದೆ ಕದಲಲಿಲ್ಲ. ಒಳಗೆ ಅದೇ ಸೇತುವೆಯ ಲೆಕ್ಕ, ಮತ್ತೆ ಶುರುಮಾಡಿ ಹನ್ನೆರಡು ದಿನವಾಗಿತ್ತು. ಬದುಕಿದೆಯೋ, ಹೋಗಿದೆಯೋ? ಏನು ಮುಟ್ಟಲೂ ಧೈರ್ಯ ಸಾಲದೆ ಕೆಳಗಿಳಿದು ಬಂದು, ಮಧ್ಯಾಹ್ನ ಎರಡೂಕಾಲಿಗೆ ಘಾಟ್ಕೋಪರಿನ ಮನೆಯ ನಂಬರು ತಿರುಗಿಸಿದಳು. ಯಾರೋ ಹೆಂಗಸು ಎತ್ತಿಕೊಂಡರು. ಬಹಳ ಹೊತ್ತಾದ ಮೇಲೆ ನಂಜುಂಡಯ್ಯನವರ ದನಿ ಬಂತು. "ಏನೂ ಮುಟ್ಬೇಡ. ಬರ್ತೀನಿ."

ಬಂದರು. ಮೆಟ್ಟಿಲಿನ ಒಂದೊಂದು ತಿರುವಿನಲ್ಲೂ ಕಂಬಿ ಹಿಡಿದು ನಿಂತರು. ಅವರ ಚೀಲ ಹಿಡಿದು ಹಿಂದೆ ಹತ್ತುತ್ತಿದ್ದ ಸೇವಂತಿಗೆ ಅವರ ಅಂಗಿಯ ಬೆನ್ನು ತೊಯ್ದದ್ದು ಕಾಣುತ್ತಿತ್ತು. ಕೂತುಕೊಳ್ಳಿ ಸರ್ ಅನ್ನಬೇಕಿತ್ತು. ಅವಳ ಜೀವವೆಲ್ಲ ಠಾಣೆಯಲ್ಲಿತ್ತು, ಅನ್ನಲಿಲ್ಲ. ಯಂತ್ರದ ಹಿಂದೆ ತಂತಿಯ ಬಿರಡೆಯೊಂದು ಸಡಿಲವಾಗಿತ್ತು. ಅವರು ಅದನ್ನು ಎರಡು ಬೆರಳಲ್ಲಿ ತಿರುಗಿಸಿ ಬಿಗಿ ಮಾಡಿದರು. ತುಸು ಹೊತ್ತಿಗೆ ಪರದೆ ಅಲುಗಾಡಿತು, ಲೆಕ್ಕ ತನ್ನ ಪಾಡಿಗೆ ಮುಂದುವರಿದಿತ್ತು. ಇಷ್ಟು ನಿನಗೂ ಆಗುತ್ತಿತ್ತು ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು.

*

ಮಧ್ಯಾಹ್ನದ ಹೊತ್ತಿಗೆ ಚಟ್ಟ ಕಟ್ಟಿ ಮುಗಿದಿತ್ತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಸತ್ತವರ ಬಾಯಿಗೆ ಅಕ್ಕಿಕಾಳು ಹಾಕಿದರು. ಮಕ್ಕಳಿಲ್ಲದ ಮನೆ, ನಂಜುಂಡಯ್ಯನವರ ತಮ್ಮನ ಮಗ ನಾಣಿ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಹೆಗಲು ಕೊಡಲು ಬಾಗಿದ ಶಾಮಣ್ಣನ ಕಣ್ಣು ಮತ್ತೆ ಸೇವಂತಿಯ ಮೇಲೆ ಬಿತ್ತು.

"ನಾನು ಕೇಳಿದ್ದಕ್ಕೆ ಉತ್ರ ಬರ್ಲಿಲ್ಲ."

ಇನ್ನು ಬಚ್ಚಿಡುವುದು ಅವಳಿಂದಾಗಲಿಲ್ಲ. ಬಿಜಾಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಅಪ್ಪನ ಮಗಳು, ವಠಾರದಂಥ ಚಾಳಿನಲ್ಲಿ ಬೆಳೆದವಳು. ಆಫೀಸಿನಲ್ಲಿ ಹಿಂದಿಯನ್ನೋ ಇಂಗ್ಲಿಷನ್ನೋ ಆಡುವವಳಿಗೆ ಈಗ ಮನೆಯ ಮಾತೇ ಬಂತು.

"ಡ್ಯೂಟಿ ನಂದಽ ಇತ್ರಿ. ನಾನಽ ಫೋನ್ ಮಾಡೀನ್ರಿ ಸರ್‌ಗೆ."

ಬಾಗಿದ್ದ ಶಾಮಣ್ಣ ನೆಟ್ಟಗಾಗಿ ಅವಳತ್ತ ಒಂದು ಹೆಜ್ಜೆ ಇಟ್ಟ. ಹೊತ್ತಾಯಿತು ಎಂದು ಪುರೋಹಿತರು ಅವಸರಿಸಿದರು. ಹೋಗುತ್ತ ಅವನು, ಇಲ್ಲೇ ಇರು, ಬಂದು ಮಾತಾಡುತ್ತೇನೆ ಎಂದ. ಚಟ್ಟ ಮೆಟ್ಟಿಲಿನ ತಿರುವಿನಲ್ಲಿ ಓರೆಯಾಗಿ, ಮತ್ತೆ ನೆಟ್ಟಗಾಗಿ ಇಳಿದುಹೋಯಿತು.

ಹೆಂಗಸರಷ್ಟೇ ಉಳಿದರು. ಯಾರೋ ನಡುಮನೆಗೆ ನೀರು ಸುರಿದು ಗುಡಿಸತೊಡಗಿದರು. ಹೊರಗಿನವರು ಅವರವರ ಮನೆಗೆ ಹೋಗಿ ಸ್ನಾನ ಮಾಡಲಿ, ಆ ಹುಡುಗಿಯೂ ಹೊರಡಲಿ, ಅವನು ಬಂದರೆ ರಂಪವಾದೀತು ಎಂದು ಪಂಕಜಾ ಹೇಳಿದರು. ಸೇವಂತಿ ಏಳಲು ಹೊರಟಾಗ ಸುಬ್ಬಲಕ್ಷ್ಮಿ ಅವಳ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಈಗ ಹೊಡೆಯುತ್ತಾರೆ ಎಂದುಕೊಂಡಳು ಸೇವಂತಿ. ಹೊಡೆಯಲಿ, ಹೊಡೆದರೇ ಒಳ್ಳೆಯದು ಎಂದೂ ಅನ್ನಿಸಿತು.

"ನಿನ್ನೆ ಫೋನ್ ಎತ್ತಿದ್ದು ನಾನು," ಎಂದರು ಸುಬ್ಬಲಕ್ಷ್ಮಿ. ದನಿ ತೀರ ಸಣ್ಣಗಿತ್ತು. "ಯಾರೇ ಮಾಡಿದ್ರೂ ಇಲ್ಲ ಅಂದ್ಬಿಡು ಅಂತ ಹೇಳಿ ಮಲಗಿದ್ರು. ಇಲ್ಲ ಅನ್ನೋದು ಬಾಯಿಗೆ ಬಂದಿತ್ತು ಕಣೆ. ನಿನ್ ದನಿ ನಡುಗ್ತಿತ್ತು. ಪಾಪ ಅನ್ನಿಸ್ತು. ಹೋಗಿ ಭುಜ ಅಲ್ಲಾಡ್ಸಿ ಎಬ್ಬಿಸ್ದೆ."

ಸುಬ್ಬಲಕ್ಷ್ಮಿ ನೀರಿನ ಡ್ರಮ್ಮಿನ ಮುಚ್ಚಳ ತೆಗೆದರು.

"ಬೆಳಗಿಂದ ಶಾಮು ಕೇಳ್ತಾನೇ ಇದಾನೆ. ನಂಗೆ ಬಾಯಿ ಬಿಡೋಕಾಗ್ಲಿಲ್ಲ. ಹೆದ್ರಿಕೆ. ನೀನು ಹೇಳ್ಬಿಟ್ಟೆ."

ಅವರು ಸ್ಟೂಲು ಎಳೆದು ಅವಳನ್ನು ಕೂರಿಸಿ ಜಡೆ ಬಿಚ್ಚಿದರು. ಈ ಹೊತ್ತಿನಲ್ಲಿ ನಲ್ಲಿಯಲ್ಲಿ ನೀರಿರುವುದಿಲ್ಲ, ಡ್ರಮ್ಮಿನಲ್ಲಿ ಹಿಡಿದಿಟ್ಟದ್ದೇ ಗತಿ. ಒಂದು ಚೊಂಬು ಸೇವಂತಿಯ ತಲೆಗೆ ಹೊಯ್ದರು. ಮುಂದಿನ ಚೊಂಬು ತಮ್ಮ ತಲೆಗೆ. ತಣ್ಣೀರಿಗೆ ಇಬ್ಬರೂ ನಡುಗಿದರು. ಆಮೇಲೆ ಒಬ್ಬರ ಅಳು ಇನ್ನೊಬ್ಬರಿಗೆ ಕೇಳಿದರೂ ಕೇಳದ ಹಾಗೆ ನೀರು ಹೊಯ್ಯುತ್ತಲೇ ಹೋದರು.

ಮೂರು ಗಂಟೆ ದಾಟಿದ ಮೇಲೆ ಕೆಳಗೆ ಗಂಡಸರ ಮಾತು ಕೇಳಿತು. ಸುಬ್ಬಲಕ್ಷ್ಮಿ ಎದ್ದು ಬಾಗಿಲಿಗೆ ಬಂದರು, ಸೇವಂತಿಯನ್ನೂ ಕರೆತಂದು ಪಕ್ಕಕ್ಕೆ ನಿಲ್ಲಿಸಿಕೊಂಡರು. ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲು ಹತ್ತಿದ ಶಾಮಣ್ಣ ಅಲ್ಲೇ ನಿಂತ. ಒದ್ದೆ ತಲೆಯ ಹುಡುಗಿ ಅವನ ಅಕ್ಕನ ನೀಲಿ ಸೀರೆ ಉಟ್ಟಿದ್ದಳು, ಅದು ಅವಳಿಗೆ ಗೇಣುದ್ದ ಗಿಡ್ಡವಾಗಿತ್ತು. ಅಕ್ಕ ಅವಳ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಶಾಮು, ನಿನ್ನೆ ಅವ್ರನ್ನ ಎಬ್ಬಿಸಿದ್ದು ನಾನು," ಎಂದಳು ಅಕ್ಕ.

ಒರೆಸದೇ ಬಿಟ್ಟ ಇಬ್ಬರ ಕೂದಲಿನಿಂದಲೂ ಹೊಸ್ತಿಲ ಮೇಲೆ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಶಾಮಣ್ಣ ಕಂಬಿ ಹಿಡಿದು ಮೆಟ್ಟಿಲ ಮೇಲೆಯೇ ಕುಸಿದು ಕೂತು, ಬೆಳಗಿನಿಂದ ಬಾರದಿದ್ದ ಅಳುವನ್ನು ಅಳತೊಡಗಿದ.