ಅಂಗಾಲಿನ ಗುಳಿ

“ಏನೇ ಅದು, ಕೊಕ್ಕರೆ ಥರ ಒಂಟಿ ಕಾಲಲ್ಲಿ ತಪಸ್ಸು? ಎರಡೂ ಕಾಲು ಊರು, ಮುಂಡೇದೆ!”

ಸೂಪರ್‌ವೈಸರ್ ಹಿಂದಿನಿಂದ ಬಂದದ್ದು ಚುರುಕಿಗೆ ಗೊತ್ತಾಗಿರಲಿಲ್ಲ. ಎಡಗಾಲನ್ನು ಬಲಗಾಲಿನ ಮೀನಖಂಡಕ್ಕೆ ಆನಿಸಿ, ಕೋಟಿನ ತೋಳಿಗೆ ಇಸ್ತ್ರಿ ಎಳೆಯುತ್ತಿದ್ದವಳು ಬೆಚ್ಚಿ ಕಾಲು ಊರಿದಳು. ಹಿಮ್ಮಡಿಯಿಂದ ಅಂಗಾಲಿನ ಗುಳಿಗೆ ಮೊಳೆ ಹೊಡೆದಂತಾಯಿತು. ಅವಳ “ಅಯ್ಯಮ್ಮಾ”ವನ್ನು ಹಬೆಯ ಬುಸುಬುಸು ನುಂಗಿತು.

ಆ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುವ ಹೆಂಗಸರೆಲ್ಲ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲೇ ನಿಲ್ಲಬೇಕು. ಚಪ್ಪಲಿ ಒಳಗೆ ಬಂದರೆ ಬಟ್ಟೆಗೆ ಧೂಳಂತೆ. ಸೂಪರ್‌ವೈಸರ್‌ನ ಬೂಟಿಗೆ ಮಾತ್ರ ಧೂಳು ಅಂಟುತ್ತಿರಲಿಲ್ಲ. ಕುರ್ಚಿ ಅನ್ನುವುದು ಇದ್ದದ್ದು ಅವನ ಗಾಜಿನ ಕೋಣೆಯಲ್ಲಿ ಮಾತ್ರ. ಕೈಚಳಕಕ್ಕೆ ಚುರುಕಿ ಎನ್ನಿಸಿಕೊಂಡಿದ್ದವಳು ಈಗ ಉಚ್ಚೆಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಿದ್ದಳು.

ಬೆಳಿಗ್ಗೆಯಂತೂ ಹಾಸಿಗೆಯಿಂದ ಇಳಿಸಿದ ಮೊದಲ ಹೆಜ್ಜೆಗೇ ಕಣ್ಣು ಕತ್ತಲಿಡುತ್ತಿತ್ತು. ಅಂಬೆಗಾಲಿಟ್ಟು ಒಲೆ ಹತ್ತಿರ ಹೋಗುವ ಸೊಸೆಯನ್ನು ನೋಡಲಾಗದೆ ಅತ್ತೆ ಎಣ್ಣೆ ಬಿಸಿ ಮಾಡಿ ತಂದಳು.

“ಕಾಲು ಒತ್ತೋಕೆ ಸೊಸೆ ತರ್ತೀನಿ ಅಂದಿದ್ದ ನನ್ ಮಗ. ಈಗ ನೋಡು, ನಾನೇ ನಿನ್ ಕಾಲು ಒತ್ತೋ ಹಾಗಾಯ್ತು! ಚಾಚೇ, ನಾಚ್ಕೋಬೇಡ.”

ಕಾರ್ಖಾನೆಗೆ ಬರುವ ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಚುರುಕಿ ಹಲ್ಲು ಕಚ್ಚಿದಳು.

“ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇರುತ್ತಮ್ಮ, ಬಿಲ್ಲಿಗೆ ಹೆದೆ ಇದ್ದ ಹಾಗೆ. ಗಟ್ಟಿ ನೆಲದ ಮೇಲೆ ನಿಂತು ನಿಂತು ಅದು ಜಗ್ಗಿ ನೊಂದಿದೆ. ಹಾಸಿಗೆ ಬಿಡೋ ಮುಂಚೆ ಬೆರಳನ್ನ ನಿನ್ನ ಕಡೆಗೆ ಎಳ್ಕೋ. ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸು. ತಣ್ಣನೆ ಬಾಟ್ಲಿ ಅಂಗಾಲಡಿ ಉರುಳಿಸು. ಅಂಗಾಲಿನ ಗುಳಿಗೆ ಆಸರೆ ಕೊಡೋ ಮೆತ್ತನೆ ಚಪ್ಪಲಿ ಹಾಕು. ಬರಿಗಾಲಲ್ಲಿ ನಿಲ್ಲಬೇಡ, ಆಗಾಗ ಕೂತ್ಕೋ.”

“ಸಾರ್, ಇದೇ ಮಾತು ಸೂಪರ್‌ವೈಸರ್‌ಗೆ ಹೇಳಿಬಿಡಿ ಸಾರ್.”

ಡಾಕ್ಟರು ಕೈ ತೊಳೆದುಕೊಂಡರು. “ನಾನು ಕಾಲು ನೋಡೋನಮ್ಮ, ಕಾರ್ಖಾನೆ ನಡೆಸೋನಲ್ಲ. ಮುಂದಿನವರು ಯಾರು, ಬನ್ನಿ.”

ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಬೆಳಗಿನ ಹೆಜ್ಜೆ ಸ್ವಲ್ಪ ಹಗುರಾಯಿತು. ಆದರೆ ಮನೆಯಲ್ಲಿ ಗಳಿಸಿದ್ದನ್ನು ಮಧ್ಯಾಹ್ನದೊಳಗೆ ಸಿಮೆಂಟು ಕಿತ್ತುಕೊಳ್ಳುತ್ತಿತ್ತು. ಕೊನೆಗೆ ಅತ್ತೆಯ ಹರಿದ ಹೊದಿಕೆಯಿಂದ ಒಂದು ತುಂಡು ಕತ್ತರಿಸಿ, ಮಡಚಿ, ಅಂಗಾಲಿನ ಗುಳಿಗೆ ಕೂರುವಂತೆ ಹೊಲಿದು, ಪಾದಕ್ಕೆ ಕಟ್ಟಿಕೊಂಡು ಹೋದಳು. ಅವತ್ತು ಊಟದ ಗಂಟೆಯವರೆಗೂ ನೆಟ್ಟಗೆ ನಿಂತಳು. ಮೈಯಲ್ಲಿ ಒಂದು ಕಾಲಿದೆ ಎನ್ನುವುದೇ ಮರೆತುಹೋಗಿತ್ತು.

ಸೂಪರ್‌ವೈಸರ್‌ಗೆ ಗಂಟು ಕಂಡಿತು.

“ಬಿಚ್ಚೇ! ಕಂಪ್ನಿ ಬಟ್ಟೆ ಕದ್ದು ಕಾಲಿಗೆ ಕಟ್ಕೊಂಡಿದೀಯ?”

“ನಮ್ಮತ್ತೆ ಹೊದಿಕೆ ಸಾರ್. ಬಣ್ಣ ನೋಡಿ.”

“ಬಗ್ಗಿ ನೋಡೋಕೆ ನಾನೇನು ನಿನ್ ಗಂಡನಾ? ಮೇಜಿನ ಮೇಲೆ ಇಡೇ ಕಾಲು. ಎಲ್ರೂ ನೋಡ್ಲಿ.”

ಅಷ್ಟು ಜನರ ಎದುರು ಕಾಲೆತ್ತಿ ಮೇಜಿನ ಮೇಲಿಟ್ಟಳು. ಉಟ್ಟ ಸೀರೆ ಮಂಡಿಗೆ ಜಾರಿತು. ಅವನು ಕತ್ತರಿಯ ತುದಿಯಿಂದ ಗಂಟು ಕತ್ತರಿಸಿ, ಮಡಿಕೆಯನ್ನು ಮೇಲೆತ್ತಿ, ಮೂಗು ಮುಚ್ಚಿಕೊಂಡ.

“ಥೂ, ಹೆಣದ ನಾತ!”

ಪಕ್ಕದ ಮೇಜಿನ ದಪ್ಪಕ್ಕ ಭಯಕ್ಕೆ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡಳು. ಮಡಿಕೆ ಕಸದ ಬುಟ್ಟಿಗೆ ಬಿತ್ತು.

“ನಿಲ್ಲೋಕಾದ್ರೆ ನಿಲ್ಲು, ಇಲ್ದಿದ್ರೆ ಹೊರಡು. ನಿನ್ನಂಥೋರು ಗೇಟಲ್ಲಿ ಸಾಲು ನಿಂತಿದಾರೆ.”

“ಅವ್ರನ್ನೂ ನಿಲ್ಲಿಸೇ ಇಟ್ಟಿದೀರಲ್ಲ, ಥೂ ನಿಮ್ಮ ಮುಖಕ್ಕೆ!” ಅಂದಳು ಚುರುಕಿ.

 ಅನ್ನುವಷ್ಟರಲ್ಲೇ ಕಾಲು ನಡೆದುಬಿಟ್ಟಿತ್ತು. ಹಡಗಿಗೆ ಹೋಗಲು ಕಟ್ಟಿಟ್ಟಿದ್ದ ಕೋಟುಗಳ ದೊಡ್ಡ ಗಂಟಿನ ಮೇಲೆ ಹೋಗಿ ಕುಕ್ಕರಿಸಿದಳು. ಎಡಪಾದವನ್ನು ತೊಡೆಯ ಮೇಲೆಳೆದುಕೊಂಡು ಎರಡೂ ಹೆಬ್ಬೆರಳಿನಿಂದ ಗುಳಿಯನ್ನು ತಿಕ್ಕತೊಡಗಿದಳು.

“ಏಳೇ! ಏಯ್, ಆ ಕೋಟು ಯಾರ್ದು ಅಂತ ಗೊತ್ತೇನೇ ಲೌಡಿ? ಏಳೇ ಮೇಲೆ!”

ಮೇಜಿನ ಮೇಲೆ ಅವಳು ಬಿಟ್ಟುಬಂದ ಇಸ್ತ್ರಿಪೆಟ್ಟಿಗೆಯಡಿ ಹೊಗೆ ಏಳುತ್ತಿತ್ತು. ಸುಟ್ಟ ಉಣ್ಣೆಯ ವಾಸನೆ ಹರಡಿತು.

“ಸುಡ್ತಿದೆ ಸಾರ್,” ಅಂದಳು ಚುರುಕಿ, ತಲೆಯೆತ್ತದೆ. “ಕೈ ಖಾಲಿ ಇರೋದು ನಿಮ್ದೇ. ಎತ್ತಿಡಿ.”

ಅವನು ಓಡಿಹೋಗಿ ಎಲ್ಲೋ ಹಿಡಿಯಲು ಹೋಗಿ ಎಲ್ಲೋ ಹಿಡಿದ. “ಅಮ್ಮಾ!” ಎಂದು ಕೈ ಒದರುತ್ತಾ ಕಾವಲುಗಾರರನ್ನು ಕೂಗಿದ. ದಪ್ಪಕ್ಕ ತನ್ನ ಪೆಟ್ಟಿಗೆಯನ್ನು ನಿಧಾನವಾಗಿ ನಿಲ್ಲಿಸಿ, ಸ್ವಿಚ್ಚು ಆರಿಸಿದಳು. ಬಾತ ಕಾಲುಗಳನ್ನು ಎಳೆದುಕೊಂಡು ಮುಂದೆ ಬಂದು, ಏನು ಮಾಡುವುದೆಂದು ತಿಳಿಯದೆ ನಿಂತಳು.

ಗೇಟಿನ ಕಡೆಯಿಂದ ಬೂಟುಗಳು ಓಡಿಬರುವ ಸದ್ದು ಕೇಳಿಸಿತು. ಚುರುಕಿ ಗಂಟಿನ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟಳು.

“ಬಾ ಅಕ್ಕಾ, ಕೂತ್ಕೋ. ಮೆತ್ತಗಿದೆ.”